ಶೇಂಗಾ ಬಿತ್ತುವಾಗ ಬೀಜದಲ್ಲಿ ಉಳಿಸಬೇಡಿ

ಶೇಂಗಾ ಬಿತ್ತುವಾಗ ಬೀಜ ಉಳಿಸಲು ನೋಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬೀಜ ದುಬಾರಿ, ಒಪ್ಪುತ್ತೇನೆ. ಸಣ್ಣ ರೈತರಿಗಂತೂ ಈ ಬೆಳೆಯ ಮೊದಲ ದೊಡ್ಡ ಖರ್ಚೇ ಅದು. ಆದರೆ ಅಲ್ಲಿ ಕೈ ಬಿಗಿ ಹಿಡಿದರೆ ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಆ ನಷ್ಟ ತುಂಬುವುದಿಲ್ಲ.

ಕಾರಣ ಗಿಡದ ಸ್ವಭಾವದಲ್ಲೇ ಇದೆ. ಗೆಜ್ಜೆ ಶೇಂಗಾ ಅನ್ನುವ ತಳಿ ನೆಟ್ಟಗೆ ಬೆಳೆಯುತ್ತದೆ, ಕಾಯಿ ಬುಡದ ಸುತ್ತಲೇ ಕಟ್ಟುತ್ತದೆ. ಪಕ್ಕದಲ್ಲಿ ಜಾಗ ಖಾಲಿ ಇದ್ದರೂ ಅಲ್ಲಿಗೆ ಹಬ್ಬಿ ಕಾಯಿ ಬಿಡುವುದಿಲ್ಲ. ಆ ಜಾಗ ಸುಮ್ನೆ ಕಳೆಯ ಪಾಲಾಗುತ್ತದೆ. ಅದಕ್ಕೇ ಈ ತಳಿಗೆ ಸಾಲಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರ ಸಾಕು. ಹಬ್ಬುವ ತಳಿಯಾದರೆ ಗಿಡಗಳ ನಡುವೆ 15 ಸೆಂ.ಮೀ. ಬಿಡಿ, ಸಾಲನ್ನೂ 45ರವರೆಗೆ ಅಗಲಿಸಬಹುದು.

ಈಗ ಲೆಕ್ಕ ಹಾಕಿ. 30ಕ್ಕೆ 10ರಂತೆ ಎಕರೆಗೆ ಸುಮಾರು 1.35 ಲಕ್ಷ ಗಿಡ ಹಿಡಿಯುತ್ತದೆ. ನೂರು ಕಾಳು 40 ಗ್ರಾಂ ತೂಗಿದರೆ, ಒಂದೂ ಬಿಡದೆ ಮೊಳೆತರೂ 54 ಕೆಜಿ ಕಾಳು ಬೇಕು. 60 ಗ್ರಾಂ ತೂಗುವ ದಪ್ಪ ಕಾಳಾದರೆ 81 ಕೆಜಿ! ಎಲ್ಲ ತಳಿಗೂ ಎಕರೆಗೆ ಇಷ್ಟೇ ಕೆಜಿ ಅಂತ ಹೇಳುವುದು ಹೇಗೆ ಸರಿಯಾಗುತ್ತದೆ, ಹೇಳಿ? ನೂರು ಕಾಳು ಎಣಿಸಿ ತೂಗಿ. ಇನ್ನೊಂದು ನೂರನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆ ನೋಡಿ. ಮೊಳೆಯದ ಪಾಲನ್ನು ಲೆಕ್ಕಕ್ಕೆ ಸೇರಿಸಿ.

ಸಿಪ್ಪೆಯನ್ನು ತಿಂಗಳುಗಟ್ಟಲೆ ಮೊದಲೇ ಸುಲಿದಿಡಬೇಡಿ, ಬಿತ್ತನೆ ಹತ್ತಿರ ಬಂದಾಗ ಸುಲಿಯಿರಿ. ಕಾಳಿನ ಮೇಲಿನ ತೆಳು ಪೊರೆ ಹರಿದರೆ ಮಣ್ಣಿನ ಶಿಲೀಂಧ್ರಕ್ಕೆ ಬಾಗಿಲು ತೆರೆದ ಹಾಗೆ. ಕೆಜಿ ಕಾಳಿಗೆ 4 ಗ್ರಾಂ ಟ್ರೈಕೊಡರ್ಮಾ (ರೋಗ ತರುವ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಲೇಪಿಸಿದರೆ ಎಳೆ ಗಿಡದ ಬುಡ ಕೊಳೆಯುವುದು ಕಡಿಮೆಯಾಗುತ್ತದೆ. ಹದವಿರುವಾಗ ಸುಮಾರು 5 ಸೆಂ.ಮೀ. ಆಳಕ್ಕೆ ಬಿತ್ತಿ.

ತುಂಬಾ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಬಿತ್ತಿ ಹತ್ತು ದಿನದೊಳಗೆ ಹೊಲಕ್ಕಿಳಿದು ಸಾಲಿನ ಉದ್ದಕ್ಕೆ 10 ಮೀಟರ್ ಅಳೆದು ಗಿಡ ಎಣಿಸುವವರು ಎಷ್ಟು ಮಂದಿ? ಗೆಜ್ಜೆ ಶೇಂಗಾ ಆದರೆ ಅಷ್ಟು ಉದ್ದಕ್ಕೆ ನೂರು ಗಿಡ ಸಿಗಬೇಕು. ಎಪ್ಪತ್ತೇ ಇದ್ದರೆ ಖಾಲಿ ಜಾಗಕ್ಕೆ ತಕ್ಷಣ ಕಾಳು ಊರಿ. ತಡವಾದರೆ ಆ ಗಿಡಗಳು ಪಕ್ಕದವುಗಳ ನೆರಳಲ್ಲಿ ಸೊರಗುತ್ತವೆ, ಕೀಳುವ ಹೊತ್ತಿಗೆ ಕಾಯಿಯೂ ಬಲಿತಿರುವುದಿಲ್ಲ.

ಹಾಗಂತ ಇದಕ್ಕಿಂತ ಜಾಸ್ತಿ ಒತ್ತಬೇಡಿ. ಗಾಳಿ ಆಡದೆ ಎಲೆಚುಕ್ಕೆ ರೋಗ ಬೇಗ ಹಬ್ಬುತ್ತದೆ.

ಹೂವಾದ ಮೇಲೆ ಸೂಜಿಗಳು, ಅಂದರೆ ತುದಿಯಲ್ಲಿ ಕಾಯಿ ಕಟ್ಟುವ ಎಳೆ ಕಡ್ಡಿಗಳು, ಮಣ್ಣಿಗಿಳಿಯುತ್ತವೆ. ಅಲ್ಲಿಂದ ಮುಂದೆ ಕಳೆ ತೆಗೆಯಲು ಸಾಲುಗಳ ನಡುವೆ ಎಡೆಕುಂಟೆ ಹೊಡೆಯಬೇಡಿ, ಅವು ಹರಿದುಹೋಗುತ್ತವೆ. ಬುಡಕ್ಕೆ ಸುಣ್ಣದಂಶವಿರುವ ಜಿಪ್ಸಂ ಕೊಡುವುದಿದ್ದರೆ ಅದಕ್ಕೂ ಮುಂಚೆ, ಹೂ ಬಿಡುವ ಹೊತ್ತಿಗೇ ಕೊಡಿ. ಬೆಳೆಯುವ ಕಾಯಿ ಸುಣ್ಣದಂಶವನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರುತ್ತದೆ. ಅದು ಸಿಗದಿದ್ದರೆ ಗಿಡ ಎಷ್ಟೇ ಹಸಿರಾಗಿದ್ದರೂ ಕಾಯಿಯೊಳಗೆ ಕಾಳಿರುವುದಿಲ್ಲ.