ವೇಟಿಂಗ್ ಲಿಸ್ಟ್ ಹಿಡಿದು ಡೇಟಾ ಸ್ಟ್ರಕ್ಚರ್ಸ್ ಕಲಿಸುವುದು

ಡೇಟಾ ಸ್ಟ್ರಕ್ಚರ್ಸ್ (ಪ್ರೋಗ್ರಾಂನಲ್ಲಿ ಮಾಹಿತಿಯನ್ನು ಜೋಡಿಸಿಡುವ ರಚನೆಗಳು) ಲ್ಯಾಬ್‌ನಲ್ಲಿ ಕೂತು ಬಂದವರಿಗೆಲ್ಲ ಆ ಮೆನು ಬಾಯಿಪಾಠವಾಗಿರುತ್ತದೆ: 1 ಒತ್ತಿದರೆ ಇನ್‌ಸರ್ಟ್, 2ಕ್ಕೆ ಡಿಲೀಟ್, 3ಕ್ಕೆ ಡಿಸ್‌ಪ್ಲೇ, 4ಕ್ಕೆ ಎಕ್ಸಿಟ್. ಲಿಂಕ್ಡ್ ಲಿಸ್ಟ್ (ಒಂದೊಂದು ನೋಡ್, ಅಂದರೆ ನಮೂದು, ಮುಂದಿನದರ ವಿಳಾಸ ಹಿಡಿದಿರುವ ಪಟ್ಟಿ) ಆದರೂ ಅದೇ, ಸರ್ಕ್ಯುಲರ್ ಕ್ಯೂ (ಮೊದಲು ಬಂದವರು ಮೊದಲು ಹೊರಹೋಗುವ, ಖಾಲಿಯಾದ ಜಾಗವನ್ನು ಮತ್ತೆ ಬಳಸುವ ಸಾಲು) ಆದರೂ ಅದೇ. ಈ ವಿಷಯವನ್ನು ಕಲಿಸಲು ಶುರುಮಾಡಿದ ಮೊದಲ ಹಲವು ವರ್ಷ ನಾನೂ ಇದನ್ನೇ ಮಾಡಿಸಿದೆ. ಔಟ್‌ಪುಟ್ ಬಂದರೆ ರೆಕಾರ್ಡಿಗೆ ಸಹಿ ಬೀಳುತ್ತಿತ್ತು. ವೈವಾದಲ್ಲಿ "ಅರೇ ಬಿಟ್ಟು ಲಿಂಕ್ಡ್ ಲಿಸ್ಟ್ ಯಾಕೆ ಬಳಸಿದೆಯಪ್ಪ?" ಎಂದು ಕೇಳಿದರೆ (ಅರೇ ಎಂದರೆ ಮೆಮೊರಿಯಲ್ಲಿ ಪಕ್ಕಪಕ್ಕದಲ್ಲೇ ಕೂತ ನಮೂದುಗಳ ಪಟ್ಟಿ) "ಕ್ವೆಶ್ಚನ್‌ನಲ್ಲೇ ಹಾಗಿತ್ತು ಸರ್" ಎಂಬ ಉತ್ತರ ಬರುತ್ತಿತ್ತು. ಅದರಲ್ಲಿ ಹುಡುಗನ ತಪ್ಪೇನೂ ಇರಲಿಲ್ಲ. ಆಯ್ಕೆಯನ್ನು ನಾವೇ ಮಾಡಿಕೊಟ್ಟು, ಅದರ ಕಾರಣವನ್ನು ಮಾತ್ರ ಅವನಿಂದ ಕೇಳುತ್ತಿದ್ದೆವು.

ಡೇಟಾ ಸ್ಟ್ರಕ್ಚರ್ಸ್ ಅನ್ನು ಒಂದು ಸೆಮಿಸ್ಟರ್‌ನಲ್ಲಿ ಕಲಿಸಿ, ಸಾಫ್ಟ್‌ವೇರ್ ಡಿಸೈನ್ ಅನ್ನು ಇನ್ನೊಂದು ಸೆಮಿಸ್ಟರ್‌ನಲ್ಲಿ, ಬೇರೊಬ್ಬರ ಕೈಯಲ್ಲಿ, ಬರೀ ಬಾಣ ಮತ್ತು ಚೌಕಗಳ ಚಿತ್ರವಾಗಿ ಕಲಿಸುವ ಪದ್ಧತಿಯೇ ಇದಕ್ಕೆ ಮೂಲ ಎಂಬುದು ನನ್ನ ಅಭಿಪ್ರಾಯ. ಯಾವ ಕೆಲಸಕ್ಕೆ ಯಾವ ರಚನೆ ಎಂದು ತೀರ್ಮಾನಿಸುವುದೂ, ಆ ತೀರ್ಮಾನ ನಾಳೆ ಬದಲಾದರೆ ಉಳಿದ ಪ್ರೋಗ್ರಾಂ ಕುಸಿಯದಂತೆ ನೋಡಿಕೊಳ್ಳುವುದೂ ಒಂದೇ ಪಾಠ.

ಹಾಗಾಗಿ ಕೆಲವು ವರ್ಷಗಳಿಂದ ನಾನು ರೈಲ್ವೆಯ ವೇಟಿಂಗ್ ಲಿಸ್ಟನ್ನು ತರಗತಿಗೆ ತರುತ್ತಿದ್ದೇನೆ. ದೀಪಾವಳಿಗೆ ಊರಿಗೆ ಹೋಗಲು ಟಿಕೆಟ್ ಮಾಡಿಸಿದ ಯಾವ ವಿದ್ಯಾರ್ಥಿಗೂ ಅದನ್ನು ವಿವರಿಸಬೇಕಿಲ್ಲ. ಮೊದಲ ವಾರ ಕೇಳುವುದು ಇಷ್ಟೇ: ಹೊಸಬರು ಕೊನೆಗೆ ಸೇರಬೇಕು, ಬರ್ತ್ ಖಾಲಿಯಾದರೆ ಮೊದಲಿನವರು ಹೊರಗೆ ಬರಬೇಕು. ಎಲ್ಲರೂ ಸರ್ಕ್ಯುಲರ್ ಕ್ಯೂ ಬರೆದು ಒಂದು ಗಂಟೆಯಲ್ಲಿ ತೋರಿಸಿಬಿಡುತ್ತಾರೆ. ಎರಡನೆಯ ವಾರ, ನಡುವೆ ಇರುವ ಯಾರೋ ಪಿಎನ್‌ಆರ್ ಕೊಟ್ಟು ಟಿಕೆಟ್ ರದ್ದು ಮಾಡುತ್ತಾರೆ ಎಂದು ಸೇರಿಸುತ್ತೇನೆ. ಕ್ಯೂನಲ್ಲಿ ನಡುವಿನಿಂದ ತೆಗೆಯುವ ವ್ಯವಸ್ಥೆಯೇ ಇಲ್ಲವಲ್ಲ ಎಂದು ಲ್ಯಾಬ್‌ನಲ್ಲಿ ಗುಜುಗುಜು ಶುರುವಾಗುತ್ತದೆ.

ಈ ಸಲ ಆ ಹೊತ್ತಿಗೆ ಒಂದು ಕೆಲಸ ಮಾಡಿಸಿದೆ. ಎಡಿಟರ್‌ನಲ್ಲಿ ಕಂಟ್ರೋಲ್ ಎಫ್ ಒತ್ತಿ, ಸಾಲಿನ ಕೊನೆ ಎಲ್ಲಿದೆ ಎಂದು ಹೇಳುವ 'ರಿಯರ್' ಎಂಬ ವೇರಿಯೇಬಲ್ ನಿಮ್ಮ ಪ್ರೋಗ್ರಾಂನಲ್ಲಿ ಎಷ್ಟು ಕಡೆ ಬಂದಿದೆ ಎಂದು ಎಣಿಸಿ ಬೋರ್ಡ್ ಮೇಲೆ ಬರೆಯಲು ಹೇಳಿದೆ. 23, 31, 27 ಎಂದು ಬರುತ್ತಾ ಹೋಯಿತು. ಒಂದು ತಂಡದ್ದು ಮಾತ್ರ 6. ಉಳಿದವರು ಮೇನ್ ಫಂಕ್ಷನ್‌ನಲ್ಲಿ, ಪ್ರಿಂಟ್ ಮಾಡುವಲ್ಲಿ, ಫೈಲಿಗೆ ಬರೆಯುವಲ್ಲಿ ಹೀಗೆ ಕಂಡಕಂಡಲ್ಲಿ ಅದನ್ನು ಮುಟ್ಟಿದ್ದರಿಂದ ಎರಡು ಲ್ಯಾಬ್ ಅವಧಿ ಕಳೆದರೂ ತಿದ್ದಿ ಮುಗಿದಿರಲಿಲ್ಲ. ಆರರ ತಂಡ ಅರ್ಧ ಗಂಟೆಯಲ್ಲಿ ಎದ್ದಿತು. "ಹೀಗೆ ಬರೆಯಬೇಕು ಅಂತ ಹೇಗೆ ಹೊಳೆಯಿತಮ್ಮ?" ಎಂದರೆ ಆ ತಂಡದ ಹುಡುಗಿ, "ಅದೇ ಸಾಲನ್ನ ಮತ್ತೆ ಮತ್ತೆ ಬರೆಯೋಕೆ ಬೇಜಾರಾಯ್ತು ಸರ್, ನಾಲ್ಕು ಫಂಕ್ಷನ್ ಮಾಡಿ ಬೇರೆ ಫೈಲಿಗೆ ಹಾಕ್ಬಿಟ್ಟೆ" ಅಂದಳು.

ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಸ್ 1972ರಲ್ಲಿ ಬರೆದ ಲೇಖನವೊಂದರ ತಿರುಳು ಆ ಬೇಜಾರಿನಲ್ಲೇ ಇದೆ. ಅವರು ಸೂಚಿಯನ್ನು ತಯಾರಿಸುವ ಒಂದು ಸಣ್ಣ ಪ್ರೋಗ್ರಾಂ ಅನ್ನು ಎರಡು ರೀತಿಯಲ್ಲಿ ವಿಭಜಿಸಿ ತೋರಿಸಿದರು. ಕೆಲಸದ ಒಂದೊಂದು ಹಂತಕ್ಕೆ ಒಂದೊಂದು ಮಾಡ್ಯೂಲ್ (ಪ್ರೋಗ್ರಾಂನ ಬಿಡಿ ಭಾಗ) ಮಾಡಿದಾಗ, ಸಾಲುಗಳನ್ನು ಮೆಮೊರಿಯಲ್ಲಿ ಇಡುವ ಕ್ರಮ ಬದಲಾದರೆ ಎಲ್ಲ ಮಾಡ್ಯೂಲ್‌ಗಳನ್ನೂ ತಿದ್ದಬೇಕಾಗುತ್ತಿತ್ತು. ಬದಲಾಗಬಹುದಾದ ಒಂದೊಂದು ನಿರ್ಧಾರವನ್ನು ಒಂದೊಂದು ಮಾಡ್ಯೂಲ್‌ನೊಳಗೆ ಅಡಗಿಸಿಟ್ಟಾಗ ಒಂದನ್ನು ತಿದ್ದಿದರೆ ಸಾಕಾಗುತ್ತಿತ್ತು. ಮೊದಲೆಲ್ಲ ಇದನ್ನು ಸ್ಲೈಡ್‌ನಲ್ಲಿ ತೋರಿಸಿದರೆ ಯಾರೂ ತಲೆಯೆತ್ತುತ್ತಿರಲಿಲ್ಲ. ಬೋರ್ಡ್ ಮೇಲೆ ತಮ್ಮದೇ 31 ಕಾಣುತ್ತಿರುವಾಗ ಹೇಳಿದರೆ ಕೇಳುತ್ತಾರೆ.

ಮೂರನೆಯ ವಾರದ ಬೇಡಿಕೆ ಇನ್ನೂ ಸ್ವಾರಸ್ಯದ್ದು. ಟಿಕೆಟ್ ಮಾಡಿಸುವಾಗ 12ನೆಯವರಾಗಿದ್ದವರು ಈಗ 7ನೆಯವರಾಗಿದ್ದಾರೆ ಎಂದು ಪ್ರಯಾಣಿಕರಿಗೆ ಹೇಳಬೇಕು. ಅಷ್ಟರಲ್ಲಿ ಜಾಣ ತಂಡಗಳು ಪಿಎನ್‌ಆರ್ ಹುಡುಕಲು ಹ್ಯಾಶ್ ಟೇಬಲ್, ತಕ್ಷಣ ಕಿತ್ತುಹಾಕಲು ಡಬ್ಲಿ ಲಿಂಕ್ಡ್ ಲಿಸ್ಟ್ ಜೋಡಿಸಿಕೊಂಡು ಬೀಗುತ್ತಿರುತ್ತವೆ. ಆದರೆ ಮುಂದೆ ಎಷ್ಟು ಜನ ಇದ್ದಾರೆ ಎಂದು ಲಿಂಕ್ಡ್ ಲಿಸ್ಟಿಗೆ ಗೊತ್ತಿಲ್ಲ, ಒಬ್ಬೊಬ್ಬರನ್ನೇ ಎಣಿಸಬೇಕು. ಪ್ರತಿ ನೋಡ್‌ನಲ್ಲೂ ಅದರ ಕೆಳಗಿನವರ ಲೆಕ್ಕ ಇಟ್ಟುಕೊಂಡ ಬ್ಯಾಲೆನ್ಸ್ಡ್ ಟ್ರೀ (ಮರದಂತೆ ಸಮನಾಗಿ ಕವಲೊಡೆಯುವ ರಚನೆ) ಆದರೆ 10 ಲಕ್ಷ ಜನರಿದ್ದರೂ ಇಪ್ಪತ್ತು ಚಿಲ್ಲರೆ ಹೆಜ್ಜೆಗಳಲ್ಲಿ ಉತ್ತರ ಸಿಗುತ್ತದೆ ಎಂದು ನಾನು ಉತ್ಸಾಹದಿಂದ ವಿವರಿಸುತ್ತಿದ್ದಾಗ, ಹಿಂದಿನ ಬೆಂಚಿನಿಂದ ಒಬ್ಬ, "ಒಂದು ಟ್ರೈನಿಗೆ ವೇಟಿಂಗ್ ಲಿಸ್ಟ್ ಇನ್ನೂರು ಮುನ್ನೂರು ಇರುತ್ತೆ ಸರ್, ಅದಕ್ಕೆ ಅರೇ ಸಾಕಲ್ವಾ?" ಎಂದ. ತರಗತಿ ನಕ್ಕಿತು. ನಾನು ನಗಲಿಲ್ಲ, ಯಾಕೆಂದರೆ ಅವನು ಹೇಳಿದ್ದು ಸರಿ. ಇನ್ನೂರು ನಮೂದುಗಳನ್ನು ಒಂದು ಸ್ಥಾನ ಸರಿಸುವುದು ಇಂದಿನ ಪ್ರೊಸೆಸರಿಗೆ ಲೆಕ್ಕಕ್ಕೇ ಇಲ್ಲದ ಕೆಲಸ. ಮೇಲಾಗಿ ಸಾಮಾನ್ಯ ಪ್ರೊಸೆಸರ್‌ಗಳು ಮೆಮೊರಿಯಿಂದ ಒಂದು ಸಲಕ್ಕೆ 64 ಬೈಟ್‌ಗಳನ್ನು ಎತ್ತಿ ಕ್ಯಾಶ್ ಎಂಬ ಹತ್ತಿರದ ಪುಟ್ಟ ಮೆಮೊರಿಗೆ ತರುವುದರಿಂದ, ಒತ್ತೊತ್ತಾಗಿ ಕೂತ ಅರೇಗೆ ಸಿಗುವ ಅನುಕೂಲ ಎಲ್ಲೆಲ್ಲೋ ಚದುರಿದ ಲಿಂಕ್ಡ್ ಲಿಸ್ಟ್ ನೋಡ್‌ಗಳಿಗೆ ಸಿಗುವುದಿಲ್ಲ. ಬಿಗ್ ಓ (ಮಾಹಿತಿ ಹೆಚ್ಚಿದಂತೆ ಹೆಜ್ಜೆಗಳು ಹೇಗೆ ಹೆಚ್ಚುತ್ತವೆ ಎಂಬ ಲೆಕ್ಕ) ಮಾತ್ರ ಕಲಿಸಿ ಬಿಟ್ಟರೆ ಈ ವಿವೇಕ ಬರುವುದಿಲ್ಲ. ಅವನಿಗೆ ಇಂಟರ್ನಲ್ಸ್‌ನಲ್ಲಿ ಪೂರ್ತಿ ಅಂಕ ಕೊಟ್ಟೆ.

ಹೀಗೆ ಕಲಿಸಿದರೆ ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದಿಡುವ ವೇರಿಯೇಬಲ್) ಗಟ್ಟಿಯಾಗುವುದಿಲ್ಲ ಎಂಬುದು ಸಹೋದ್ಯೋಗಿಗಳ ಆಕ್ಷೇಪ. ಅದರಲ್ಲಿ ಹುರುಳಿದೆ. ಹಾಳೆಯ ಮೇಲೆ ಬಾಣ ಬಿಡಿಸಿ, ಒಂದು ನೋಡ್‌ನ ವಿಳಾಸ ಕೈತಪ್ಪಿ ಉಳಿದ ಪಟ್ಟಿಯೆಲ್ಲ ಕಣ್ಮರೆಯಾದ ಅನುಭವ ಪ್ರತಿಯೊಬ್ಬರಿಗೂ ಒಮ್ಮೆ ಆಗಲೇಬೇಕು. ಅದಕ್ಕೆಂದೇ ನಾನೂ ಎರಡು ವಾರ ಮೀಸಲಿಡುತ್ತೇನೆ. ಹದಿನಾಲ್ಕು ವಾರವೂ ಅದೇ ನಡೆಯಬೇಕು ಎಂಬುದಕ್ಕಷ್ಟೇ ನನ್ನ ವಿರೋಧ.

ಮುಂದಿನ ವಾರ ಆರ್‌ಎಸಿ (ಒಂದು ಬರ್ತ್‌ನಲ್ಲಿ ಇಬ್ಬರು ಕೂತು ಹೋಗುವ ಟಿಕೆಟ್) ಸೇರಿಸುವವನಿದ್ದೇನೆ. ಕನ್ಫರ್ಮ್ ಆದ ಒಬ್ಬರು ರದ್ದು ಮಾಡಿದರೆ ಆರ್‌ಎಸಿಯ ಮೊದಲಿನವರಿಗೆ ಬರ್ತ್ ಸಿಗಬೇಕು, ವೇಟಿಂಗ್ ಲಿಸ್ಟಿನ ಮೊದಲಿನವರು ಆರ್‌ಎಸಿಗೆ ಏರಬೇಕು. ಮೂರು ಪಟ್ಟಿಗಳು ಒಟ್ಟಿಗೆ ಅಲುಗಾಡಬೇಕು. ಆ ಮೂರರಲ್ಲಿ ಯಾವುದು ಯಾವುದಕ್ಕೆ ಸುದ್ದಿ ಮುಟ್ಟಿಸಬೇಕು ಎಂಬುದನ್ನು ನಾನು ಹೇಳಿಕೊಡುವುದಿಲ್ಲ. ಆರರ ತಂಡದ ಹುಡುಗಿ ಮಾತ್ರ ಸುಳಿವು ಹಿಡಿದಂತಿದೆ. ಮೊನ್ನೆ ಕಾರಿಡಾರಿನಲ್ಲಿ ನಿಲ್ಲಿಸಿ, "ಸರ್, ಸೈಡ್ ಲೋವರ್‌ನಲ್ಲಿ ಇಬ್ಬರು ಕೂರ್ತಾರಲ್ಲ, ಅದನ್ನ ಒಂದು ನೋಡ್ ಮಾಡ್ಬೇಕಾ, ಎರಡಾ?" ಎಂದು ಕೇಳಿದಳು.