ಹರಕು ಪ್ಯಾಂಟಿಗೆ ಇಸ್ತ್ರಿ

ಅಮೆರಿಕದ ಸಿಯಾಟಲ್‌ನಲ್ಲಿ ಚಳಿ ಜಾಸ್ತಿ. ಕೈಯಲ್ಲಿ ಕಾಸಿಲ್ಲದ ಅಲ್ಲಿನ ಹುಡುಗರು ಹಳೇ ಬಟ್ಟೆ ಅಂಗಡಿಗೆ ಹೋಗಿ ದಪ್ಪನೆಯ ಚೌಕಳಿ ಅಂಗಿ ತಂದು ಹಾಕಿಕೊಂಡರು. ಅದರ ಮೇಲೆ ಗಿಟಾರ್ ನೇತುಹಾಕಿಕೊಂಡು ಕಿವಿ ತೂತು ಬೀಳುವ ಹಾಗೆ ಬಾರಿಸಿದರು. ಆ ಗದ್ದಲದ ಸಂಗೀತಕ್ಕೂ ಆ ವೇಷಕ್ಕೂ ಗ್ರಂಜ್ ಅಂತ ಹೆಸರು ಬಿತ್ತು. ಆಗಿದ್ದು ಇಷ್ಟೇ. ಮುಂದಿನದ್ದೆಲ್ಲ ಮ್ಯಾಗಜೀನ್‌ನವರು ಮಾಡಿದ್ದು.

1989ರಲ್ಲಿ ಲಂಡನ್ನಿನ 'ಮೆಲೊಡಿ ಮೇಕರ್' ಪತ್ರಿಕೆಯ ಎವರೆಟ್ ಟ್ರೂ ವಿಮಾನ ಹತ್ತಿ ಸಿಯಾಟಲ್‌ಗೆ ಬಂದ. ಖರ್ಚು ನೋಡಿಕೊಂಡಿದ್ದು ಸಬ್ ಪಾಪ್ ಅನ್ನುವ ಅಲ್ಲಿನ ರೆಕಾರ್ಡ್ ಕಂಪನಿ. ಬೀಗರ ಖರ್ಚಿನಲ್ಲಿ ಬಂದವರು ಪಾಯಸ ಸಪ್ಪೆ ಅಂತಾರಾ? ಕಾಡಂಚಿನ ಊರು, ಒರಟು ಹುಡುಗರು, ಹಾಡದೇ ಇದ್ದಿದ್ದರೆ ಸಾಮಿಲ್‌ನಲ್ಲೋ ಗ್ಯಾರೇಜಿನಲ್ಲೋ ಇರುತ್ತಿದ್ದರು ಅನ್ನುವ ಚಿತ್ರ ಇಂಗ್ಲೆಂಡಿನ ಓದುಗರಿಗೆ ಸಿಕ್ಕಿತು. ಅವರಿಗೂ ಅದೇ ಬೇಕಿತ್ತು. ಮರ ಕಡಿಯುವವನು ಗಿಟಾರ್ ಹಿಡಿದರೆ ಸುದ್ದಿ, ಬಿ.ಎ. ಮಾಡಿದವನು ಹಿಡಿದರೆ ಏನು ಸುದ್ದಿ?

ಆದರೆ ಅಲ್ಲಿ ಬಿ.ಎ.ಗಳೂ ಇದ್ದರು. ಮಡ್‌ಹನಿ ತಂಡದ ಮಾರ್ಕ್ ಆರ್ಮ್ ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್. ಸೌಂಡ್‌ಗಾರ್ಡನ್ ತಂಡದ ಕಿಮ್ ತಯಿಲ್ ಫಿಲಾಸಫಿ ಪದವೀಧರ. ಅವನ ಅಪ್ಪ ಅಮ್ಮ ಕೇರಳದಿಂದ ಅಮೆರಿಕಕ್ಕೆ ಹೋದವರು. ಮಗನ ಕೈಗೆ ಡಿಗ್ರಿ ಬರುವ ಮೊದಲೇ ಕೊಡಲಿ ಬರಲಿ ಅಂತ ಯಾವ ಮಲಯಾಳಿ ಅಮ್ಮ ಬಿಡ್ತಾಳೆ ಹೇಳಿ? ಏನು ಮಾಡೋದು, ಫೋಟೋದಲ್ಲಿ ಡಿಗ್ರಿ ಕಾಣುವುದಿಲ್ಲ. ಚೌಕಳಿ ಕಾಣುತ್ತೆ.

ಫೋಟೋ ತೆಗೆದವರೆಲ್ಲ ಹೀಗೇ ಅಂತಲ್ಲ. ಚಾರ್ಲ್ಸ್ ಪೀಟರ್ಸನ್ ಅನ್ನುವವನು ಕ್ಯಾಮೆರಾ ಹಿಡಿದು ಜನರ ಮಧ್ಯೆ ನುಗ್ಗಿಬಿಡುತ್ತಿದ್ದ. ಅವನ ಕಪ್ಪು ಬಿಳುಪು ಫೋಟೋಗಳಲ್ಲಿ ಹಾರುವ ಕೂದಲು, ಯಾರದ್ದೋ ಮೊಣಕೈ, ತಲೆಗಳ ಮೇಲೆ ತೇಲುವ ಒಬ್ಬ ಹುಡುಗ, ಎಲ್ಲರ ಮೈಮೇಲೂ ಬೆವರು. ಎಷ್ಟೋ ಕಡೆ ಯಾರ ಮುಖ ಅಂತಲೂ ತಿಳಿಯುವುದಿಲ್ಲ. ಫ್ಯಾಷನ್ ಸಂಪಾದಕರ ಕಣ್ಣಲ್ಲಿ ಇದು ಮಹಾಪರಾಧ. ಅಂಗಿ ನೆಟ್ಟಗೆ ಕಾಣದಿದ್ದರೆ ಕೆಳಗೆ ಬೆಲೆ ಹಾಕುವುದು ಹೇಗೆ?

ಆ ಕೊರತೆಯನ್ನು 1992ರ ಡಿಸೆಂಬರ್‌ನಲ್ಲಿ 'ವೋಗ್' ಅನ್ನುವ ಫ್ಯಾಷನ್ ಪತ್ರಿಕೆ ಗ್ರಂಜ್ ಬಟ್ಟೆಗಳ ಫೋಟೋ ಹಾಕಿ ತುಂಬಿಕೊಟ್ಟಿತು. ಫೋಟೋ ಸ್ಟೀವನ್ ಮೈಸೆಲ್, ಸ್ಟೈಲಿಂಗ್ ಗ್ರೇಸ್ ಕಾಡಿಂಗ್ಟನ್. ಜೊತೆಗಿನ ಲೇಖನ ಬರೆದವರು ಯಾರು ಗೊತ್ತಾ? ಅದೇ ಸಬ್ ಪಾಪ್‌ನ ಮಾಲೀಕರಲ್ಲೊಬ್ಬರಾದ ಜೊನಾಥನ್ ಪೋನ್‌ಮನ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ನಮ್ಮಲ್ಲಿ ಗಾದೆ. ಇಲ್ಲಿ ಮಲ್ಲಿಗೆ ಮುಡಿದವರೇ ಹಿಟ್ಟಿಲ್ಲದವರ ಹಾಗೆ ಕಾಣುವುದಕ್ಕೆ ಸಾಲಾಗಿ ನಿಂತರು. ತಲೆ ಬಾಚದೇ ಇರುವುದು ಯಾರಿಂದ ಬೇಕಾದರೂ ಆಗುತ್ತೆ. ಬಾಚದ ಹಾಗೆ ಬಾಚುವುದಕ್ಕೆ ಮಾತ್ರ ಆಳು ಬೇಕು, ಅಸಿಸ್ಟೆಂಟ್ ಬೇಕು, ಮಧ್ಯಾಹ್ನದ ಊಟ ಬೇಕು.

ಹುಡುಗರು ಪ್ರತಿಭಟಿಸಲಿಲ್ಲವಾ? ಪ್ರತಿಭಟಿಸಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಗ್ರಂಜ್‌ನ ನಿರ್ವಾಣ ತಂಡ 'ರೋಲಿಂಗ್ ಸ್ಟೋನ್' ಪತ್ರಿಕೆಯ ಮುಖಪುಟಕ್ಕೆ ಬಂತು. ತಂಡದ ಹಾಡುಗಾರ ಕರ್ಟ್ ಕೊಬೇನ್ ಹಾಕಿಕೊಂಡಿದ್ದ ಟಿ ಶರ್ಟ್ ಮೇಲೆ, ಕಾರ್ಪೊರೇಟ್ ಮ್ಯಾಗಜೀನ್‌ಗಳು ಈಗಲೂ ದರಿದ್ರ ಅನ್ನುವ ಅರ್ಥದ ಕೈಬರಹ. ಸಂಪಾದಕರು ಸಿಟ್ಟಾದರಾ? ಛೆ! ಬೈಗುಳವನ್ನು ನೀಟಾಗಿ ಮುಖಪುಟಕ್ಕೆ ಹಾಕಿ, ಬೆಲೆ ಹಚ್ಚಿ ಮಾರಿದರು. ಬೈಯುವವನಿಗೆ ಪೋಸ್ ಕೊಡುವ ಹಟ, ಬೈಸಿಕೊಳ್ಳುವವನಿಗೆ ಲಾಭ. ಇಬ್ಬರೂ ಖುಷಿಯಾಗಿ ಮನೆಗೆ ಹೋದರು ಅಂತ ನನ್ನ ಅನುಮಾನ.

ಈ ಇಡೀ ನಾಟಕದಲ್ಲಿ ನನಗೆ ಇಷ್ಟವಾದವಳು ಮೇಗನ್ ಜಾಸ್ಪರ್. ಸಬ್ ಪಾಪ್‌ನಲ್ಲಿ ಮೊದಲು ಫೋನ್ ಎತ್ತುವ ಕೆಲಸದಲ್ಲಿದ್ದವಳು. ನಿಮ್ಮ ಹುಡುಗರು ಯಾವ ಭಾಷೆ ಆಡ್ತಾರೆ, ಹೇಳಿ ಅಂತ 'ನ್ಯೂಯಾರ್ಕ್ ಟೈಮ್ಸ್' ಕೇಳಿತು. ಇವಳು ಸುಮ್ನೆ ಬಾಯಿಗೆ ಬಂದದ್ದು ಹೇಳುತ್ತಾ ಹೋದಳು. ಹರಕು ಜೀನ್ಸಿಗೆ 'ವ್ಯಾಕ್ ಸ್ಲ್ಯಾಕ್ಸ್', ದಪ್ಪ ಬೂಟಿಗೆ 'ಕಿಕರ್ಸ್', ಉಣ್ಣೆ ಸ್ವೆಟರಿಗೆ 'ಫಝ್', ಸುಮ್ಮನೆ ಕೂತು ಹರಟುವುದಕ್ಕೆ 'ಸ್ವಿಂಗಿಂಗ್ ಆನ್ ದ ಫ್ಲಿಪಿಟಿ ಫ್ಲಾಪ್'. ಆ ಕಡೆಯವರು ಭಕ್ತಿಯಿಂದ ಬರೆದುಕೊಂಡು, 1992ರ ನವೆಂಬರ್ 15ರಂದು ಪದಕೋಶ ಅಂತಲೇ ಅಚ್ಚು ಹಾಕಿದರು. ಎಲ್ಲ ಬುರುಡೆ ಅಂತ ಮರುವರ್ಷ 'ಬ್ಯಾಫ್ಲರ್' ಅನ್ನುವ ಪುಟ್ಟ ಪತ್ರಿಕೆ ಬಯಲು ಮಾಡಿತು. ಸಿಯಾಟಲ್‌ನವರು ಆ ಪದಗಳನ್ನೇ ಟಿ ಶರ್ಟ್ ಮೇಲೆ ಅಚ್ಚು ಹಾಕಿಸಿಕೊಂಡು ಓಡಾಡಿದರು. ಮುಂದೆ ಮೇಗನ್ ಅದೇ ಕಂಪನಿಯ ಸಿಇಒ ಆದಳು. ಸರಿಯಾದ ಆಯ್ಕೆ. ಪತ್ರಿಕೆಗಳಿಗೆ ಏನು ಬೇಕು ಅಂತ ಅವಳಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಇನ್ಯಾರು?

ಇನ್ನು ಡಿಸೈನರ್ ಮಾರ್ಕ್ ಜೇಕಬ್ಸ್. ಪೆರಿ ಎಲಿಸ್ ಕಂಪನಿಗೆ ಅವನು ಅದೇ ನವೆಂಬರ್‌ನಲ್ಲಿ ಗ್ರಂಜ್ ಬಟ್ಟೆಗಳ ಶೋ ಮಾಡಿದ. ಒರಟು ಫ್ಲಾನೆಲ್ ಹಾಗೆ ಕಾಣುವ ಚೌಕಳಿ, ಮುಟ್ಟಿದರೆ ರೇಷ್ಮೆ! ಒಂದಷ್ಟು ಬಟ್ಟೆ ಕೊಬೇನ್ ಮತ್ತು ಅವನ ಹೆಂಡತಿ ಕೋರ್ಟ್ನಿ ಲವ್‌ಗೂ ಹೋಯಿತು. ನಾವು ಅದನ್ನು ಸುಟ್ಟು ಹಾಕಿದೆವು ಅಂತ ಆಕೆ ಆಮೇಲೆ ಹೇಳಿದಳು. ಕಂಪನಿಯವರು ಮಾರ್ಕ್‌ನನ್ನು ಕೆಲಸದಿಂದ ತೆಗೆದರು. ಕಾಸಿಲ್ಲದವರ ಬಟ್ಟೆ ಹೊಲಿದವನಿಗೆ ಕೆಲಸವೂ ಇಲ್ಲದ ಮೇಲೆ ಗ್ರಂಜ್ ಸಂಪೂರ್ಣವಾಯಿತು, ಅಲ್ವಾ?

ಕತೆ ಮುಗಿಯಲಿಲ್ಲ. 2018ರಲ್ಲಿ ಅವನು ಅದೇ ಬಟ್ಟೆಗಳನ್ನು ಮತ್ತೆ ಹೊಲಿಸಿದ. ಜೊತೆಗೆ ಒಂದು ಟಿ ಶರ್ಟ್ ಬಿಟ್ಟ. ನಿರ್ವಾಣದ ನಗುಮುಖ ನೋಡಿದ್ದೀರಲ್ಲ, ಕಣ್ಣಿನ ಜಾಗದಲ್ಲಿ ಇಂಟು ಮಾರ್ಕ್, ಹೊರಗೆ ಚಾಚಿದ ನಾಲಿಗೆ? ಹೆಚ್ಚು ಕಡಿಮೆ ಅದೇ. ಕಣ್ಣಿಗೆ ಎಂ ಮತ್ತು ಜೆ, ಮೇಲೆ ನಿರ್ವಾಣದ ಬದಲು 'ಹೆವನ್'. ಮೋಕ್ಷ ಸಿಗಲಿಲ್ಲ ಅಂತ ಸ್ವರ್ಗಕ್ಕೆ ಅಡ್ಜಸ್ಟ್ ಮಾಡಿಕೊಂಡ ಹಾಗೆ. ಡಿಸೆಂಬರ್‌ನಲ್ಲಿ ನಿರ್ವಾಣದ ಕಂಪನಿ ಕೋರ್ಟಿಗೆ ಹೋಯಿತು. ನಡುವೆ ಮೂರನೆಯವನೊಬ್ಬ ಬಂದ. ನಿರ್ವಾಣದ ಆಗಿನ ರೆಕಾರ್ಡ್ ಕಂಪನಿಯಲ್ಲಿ ಆರ್ಟ್ ಡೈರೆಕ್ಟರ್ ಆಗಿದ್ದ ರಾಬರ್ಟ್ ಫಿಶರ್, ಆ ಮುಖ ಬರೆದವನೇ ನಾನು ಅಂದ. ಕಾರ್ಪೊರೇಟ್ ದರಿದ್ರ ಅಂದವರ ಕಂಪನಿಯೂ, ಆ ದರಿದ್ರವನ್ನು ರೇಷ್ಮೆಯಲ್ಲಿ ಹೊಲಿದವನ ಕಂಪನಿಯೂ, ಸಂಬಳಕ್ಕೆ ಚಿತ್ರ ಬರೆದವನೂ, ಮೂರೂ ಕಡೆಯ ವಕೀಲರು ಐದು ವರ್ಷಕ್ಕೂ ಜಾಸ್ತಿ ಹೊಡೆದಾಡಿ 2024ರಲ್ಲಿ ರಾಜಿಯಾದರು. ಆ ವಕೀಲರಲ್ಲಿ ಒಬ್ಬರೂ ಚೌಕಳಿ ಅಂಗಿಯಲ್ಲಿ ಕೋರ್ಟಿಗೆ ಬಂದಿರಲಿಕ್ಕಿಲ್ಲ.