ಗೋಮಾಳ ಖಾಲಿ ಇದೆ ಅಂತ ಹೇಳಿದವರು ಯಾರು?

ವಾಕಿಂಗ್ ಮುಗಿಸಿ ಬಂದು ಕಾಫಿ ಕೂಡ ಕುಡಿಯದೆ ಇದನ್ನು ಬರೆಯುತ್ತಿದ್ದೇನೆ. ಬಿಪಿ ಇದ್ದವನು ಹೀಗೆಲ್ಲ ಮಾಡಬಾರದು, ಗೊತ್ತು.

ನಮ್ಮೂರ ಗೋಮಾಳದ ಬಗ್ಗೆ ನಾನು ಎಷ್ಟು ಸಲ ಕೊರೆದಿದ್ದೇನೆ ಅಂತ ನಿಮಗೆಲ್ಲ ನೆನಪಿದೆ, ಅಲ್ವಾ? ಇವತ್ತು ಹೋದರೆ ಕಾಲುದಾರಿಯೇ ಇಲ್ಲ. ಜೆಸಿಬಿ ತಂದು ಸುತ್ತ ಟ್ರೆಂಚ್ ಹೊಡೆದಿದ್ದಾರೆ. ಒಳಗೆ ಸಾಲಾಗಿ ಗುಂಡಿ, ಗುಂಡಿಗೊಂದು ನೇರಳೆ ಸಸಿ. ಪಕ್ಕದಲ್ಲಿ ಸಸಿಗಿಂತ ಎತ್ತರದ ಬೋರ್ಡು: 'ಖಾಲಿ ಜಾಗದಲ್ಲಿ ಹಸಿರು'.

ಖಾಲಿಯಂತೆ!

ಟ್ರೆಂಚ್ ದಾಟಿ ಒಳಗೆ ನಾಲ್ಕು ಹೆಜ್ಜೆ ಇಟ್ಟಿದ್ದೆ. ಟಿಟ್ಟಿಭ ಹಕ್ಕಿಯೊಂದು ತಲೆಯ ಮೇಲೆ ಸುತ್ತುತ್ತಾ ಬೈಯಲು ಶುರು ಮಾಡಿತು. ಬಗ್ಗಿ ನೋಡಿದೆ. ಬೆಣಚುಕಲ್ಲುಗಳ ನಡುವೆ ನಾಲ್ಕು ಮೊಟ್ಟೆ. ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಚುಕ್ಕೆ. ಗೂಡಿಲ್ಲ, ಗೀಡಿಲ್ಲ, ಬರೀ ನೆಲ. ಅಲ್ಲಿಂದ ಎರಡೇ ಮಾರು ದೂರಕ್ಕೆ ಮುಂದಿನ ಗುಂಡಿ. ಇನ್ನೊಂದು ಬಕೆಟ್ ಮಣ್ಣು ಎತ್ತಿದ್ದರೆ ಮುಗಿದೇ ಹೋಗುತ್ತಿತ್ತು.

ಗೋಮಾಳ ಅಂದರೆ ಯಾರಿಗೂ ಬೇಡವಾಗಿ ಉಳಿದ ನೆಲ ಅಲ್ಲ ಸ್ವಾಮಿ. ದನದ ಲೆಕ್ಕ ಹಾಕಿ ತೆಗೆದಿಟ್ಟ ನೆಲ. 1966ರ ಭೂಕಂದಾಯ ನಿಯಮಗಳಲ್ಲೇ ಇದೆ: ನೂರು ದನಕ್ಕೆ 12 ಹೆಕ್ಟೇರ್. ಹತ್ತಿರ ಹತ್ತಿರ 30 ಎಕರೆ. ಮರಕ್ಕೆ ಅಂತ ಹಿರಿಯರು ಗುಂಡುತೋಪು ಬೇರೆ ಇಟ್ಟಿದ್ದರು. ಹುಲ್ಲಿಗೊಂದು ಜಾಗ, ನೆರಳಿಗೊಂದು ಜಾಗ. ಹೆಬ್ಬೆಟ್ಟು ಒತ್ತುತ್ತಿದ್ದವರಿಗೆ ಗೊತ್ತಿದ್ದದ್ದು ಬೋರ್ಡು ಬರೆಸಿದವರಿಗೆ ಗೊತ್ತಿಲ್ಲ.

ಮೇಕೆ ಹೊಡೆದುಕೊಂಡು ಬಂದ ಅಜ್ಜಿ ಟ್ರೆಂಚಿನ ಆಚೆಯೇ ನಿಂತಿದ್ದರು. "ಮಳೆ ಬಿದ್ಮೇಲೆ ಒಂದು ತಿಂಗಳು ನಾವೇ ಈ ಕಡೆ ಹೊಡೀತಿರಲಿಲ್ಲ ಕಣಪ್ಪ, ಹುಲ್ಲು ಮೇಲೇಳಲಿ ಅಂತ. ಈಗ ಎಲ್ಲಿಗೆ ಹೊಡೀಲಿ?" ಅಂದರು. ಆದೇಶವಿಲ್ಲ, ಬೋರ್ಡಿಲ್ಲ, ಊರೇ ನಡೆಸಿಕೊಂಡು ಬಂದ ಕಟ್ಟಳೆ. ಇಂಥ ಕಟ್ಟಳೆಗಳನ್ನೇ ಹತ್ತಾರು ದೇಶಗಳ ಉದಾಹರಣೆ ಹಿಡಿದು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಂ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಕೊಟ್ಟರು. ನಮ್ಮ ಅಜ್ಜಿಗೆ ಟ್ರೆಂಚ್ ಕೊಟ್ಟರು.

"ಸುಮ್ನೆ ಬಿಟ್ಟರೆ ಒತ್ತುವರಿ ಆಗುತ್ತೆ, ಗಿಡ ನೆಟ್ಟರೆ ಜಾಗವಾದರೂ ಉಳಿಯುತ್ತೆ" ಅನ್ನಲು ನಿಮ್ಮಲ್ಲಿ ಒಂದಿಬ್ಬರು ಆಗಲೇ ಬಾಯಿ ತೆರೆದಿದ್ದೀರಿ. ಒತ್ತುವರಿ ಸುಳ್ಳಲ್ಲ. ಸಾಗುವಳಿ ಮಾಡಿಕೊಂಡ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅಂತ ಹಾಕುವ ಬಗರ್‌ಹುಕುಂ ಅರ್ಜಿಗಳಲ್ಲಿ ಫಾರಂ 50 ಆಯ್ತು, 53 ಆಯ್ತು, 57 ಕೂಡ ಆಯ್ತು. ಊರಿನ ಸಾರ್ವಜನಿಕ ಜಾಗಗಳ ಒತ್ತುವರಿ ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಎಲ್ಲ ರಾಜ್ಯಗಳಿಗೂ ಹೇಳಿದೆ. ಹಾಗಿದ್ದರೆ ಒತ್ತಿದವನನ್ನು ಎಬ್ಬಿಸಿ. ಸರ್ವೆ ಮಾಡಿಸಿ, ಕಲ್ಲು ನೆಡಿ. ಮೇಕೆ ಮೇಯಿಸುವವರು ಏನು ಪಾಪ ಮಾಡಿದ್ದರು?

ಹಾಂ, ನಾನೂ ಸಾಚಾ ಅಲ್ಲ. ನಮ್ಮ ತೋಟದ ಕತ್ತಾಳೆ ಬೇಲಿ ಅಪ್ಪನ ಕಾಲದಲ್ಲಿ ಗೋಮಾಳದ ಕಡೆಗೆ ಮೂರು ಮಾರು ವಾಕಿಂಗ್ ಹೋಗಿದೆ. ಇನ್ನೂ ವಾಪಸ್ ಬಂದಿಲ್ಲ. ಮನೆಯಲ್ಲಿ ಈ ಮಾತು ಎತ್ತಿದರೆ ಅವತ್ತು ಊಟ ಸಿಗುವುದಿಲ್ಲ. ತಮಾಷೆ ಏನು ಗೊತ್ತಾ? ಊರಿಡೀ ನೇರವಾಗಿ ಬಂದ ಟ್ರೆಂಚ್ ನಮ್ಮ ಬೇಲಿ ಹತ್ತಿರ ಮಾತ್ರ ಮರ್ಯಾದೆಯಿಂದ ಪಕ್ಕಕ್ಕೆ ಸರಿದು ಹೋಗಿದೆ. ಒತ್ತುವರಿ ತಡೆಯುವ ಟ್ರೆಂಚಂತೆ! ನಾಚಿಕೆ ಯಾರಿಗೆ ಆಗಬೇಕೋ, ಅವರಿಗೋ ನನಗೋ.

ವಾಪಸ್ ಹೊರಡುವ ಹೊತ್ತಿಗೆ ಒಂದು ಮೇಕೆ ಮರಿ ಹೇಗೋ ಟ್ರೆಂಚ್ ಹಾರಿ ಒಳಗೆ ಬಂತು. ಬೋರ್ಡಿನ ಬುಡದಲ್ಲಿದ್ದ ಸಸಿಯ ಕುಡಿ ಚಿವುಟಿ ಜಗಿಯತೊಡಗಿತು. ಅಜ್ಜಿ ಗಾಬರಿಯಿಂದ ನನ್ನ ಮುಖ ನೋಡಿದರು. ನಾನು ಟಿಟ್ಟಿಭ ನೋಡುತ್ತಿದ್ದೆ.